ಓದಬೇಡ, ನೋಡು

ಮೂರು ದಿನಗಳಿಂದ ನನ್ನ ಮೇಜಿನ ಮೇಲೆ ಒಂದು ಕರಡು ಇದೆ. ನಿವೃತ್ತ ಶಾಲಾ ಮಾಸ್ತರರೊಬ್ಬರು ಇಪ್ಪತ್ತೆರಡು ವರ್ಷಗಳ ಹಿಂದೆ ತಮ್ಮ ನೆನಪುಗಳನ್ನು ಬರೆದು ಅಚ್ಚು ಹಾಕಿಸಿದ್ದರು. ಪ್ರತಿಗಳು ಮುಗಿದು ಎಷ್ಟೋ ಕಾಲವಾಗಿದೆ. ಈಗ ಅವರ ಮಕ್ಕಳು ಸೇರಿ ಮರುಮುದ್ರಣ ಮಾಡಿಸುತ್ತಿದ್ದಾರೆ. ಹದಿನೇಳನೆಯ ಪುಟದ ನಡುವೆ ಈ ಸಾಲು ಬರುತ್ತದೆ: "ಕನಾರ್ಟಕ ಏಕೀಕರಣವಾದ ವರ್ಷ ನಾನು ಐದನೆಯ ಇಯತ್ತೆಯಲ್ಲಿದ್ದೆ."

ಆ ಮೊದಲ ಪದವನ್ನು ಇನ್ನೊಮ್ಮೆ ನೋಡಿ. ಅದು ಕರ್ನಾಟಕ ಅಲ್ಲ. ಕ, ನಾ, ಆಮೇಲೆ ಟ, ಆ ಟ ಅಕ್ಷರಕ್ಕೆ ಅರ್ಕಾವತ್ತು. ಬಾಯಿಬಿಟ್ಟು ಓದಿದರೆ 'ಕ-ನಾರ್-ಟ-ಕ'. ಮಾಸ್ತರರ ಮಗ ಈ ಕರಡನ್ನು ಎರಡು ಸಲ ಓದಿದ್ದಾರೆ, ಪ್ರಕಾಶಕರು ಒಂದು ಸಲ ಓದಿದ್ದಾರೆ. ನಾನೂ ಮೊದಲ ಸುತ್ತಿನಲ್ಲಿ ಅದನ್ನು ಕರ್ನಾಟಕ ಎಂದೇ ಓದಿಕೊಂಡು ಮುಂದಕ್ಕೆ ಹೋಗಿದ್ದೆ. ಎರಡನೆಯ ಸುತ್ತಿನಲ್ಲಿ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಅಕ್ಷರ ಅಕ್ಷರವಾಗಿ ಬಂದಾಗ ಸಿಕ್ಕಿತು.

ಈ ತಪ್ಪು ಹುಟ್ಟುವ ಬಗೆಯನ್ನು ಹೇಳಲೇಬೇಕು, ಏಕೆಂದರೆ ಇದು ಕನ್ನಡ ಬರೆಯುವ ಬಗೆಯಿಂದಲೇ ಹುಟ್ಟುವ ತಪ್ಪು. ಒಂದು ಕಾಗದ ತೆಗೆದುಕೊಂಡು ಕರ್ನಾಟಕ ಎಂದು ಬರೆಯಿರಿ. ಮೊದಲು ಕ ಬರೆಯುತ್ತೀರಿ. ಆಮೇಲೆ ನಾ ಬರೆಯುತ್ತೀರಿ. ಅದಾದ ಮೇಲೆ ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೀರಿ. ಬಾಯಿ ಮೊದಲು ಹೇಳುವುದು ರಕಾರವನ್ನು, ಕೈ ಮೊದಲು ಬರೆಯುವುದು ನಾ ಎಂಬುದನ್ನು. ನಾಡಿನ ಹೆಸರಿನಲ್ಲೇ ಒಂದು ಅಕ್ಷರ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಕುಳಿತಿದೆ. ಸೂರ್ಯ, ವರ್ಷ, ಮಾರ್ಗ, ಧರ್ಮ ಎಲ್ಲದರಲ್ಲೂ ಹೀಗೆಯೇ. ಎರಡನೆಯ ತರಗತಿಯಿಂದ ನಾವು ಹಿಂದು ಮುಂದಾದ ಅಕ್ಷರಗಳನ್ನು ದಿನವೂ ಓದುತ್ತಿದ್ದೇವೆ. ಅದು ಹಿಂದು ಮುಂದು ಎಂದು ಯಾರಿಗೂ ಅನ್ನಿಸಿಲ್ಲ.

ಹಳೆಯ ಕನ್ನಡ ಫಾಂಟ್‌ಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರಗಳನ್ನು ಇಟ್ಟುಕೊಳ್ಳುತ್ತಿದ್ದವು: ಕ, ನಾ, ಅರ್ಕಾವತ್ತು, ಟ, ಕ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡಲು ಈಗ ಬಳಸುವ ಯೂನಿಕೋಡ್ ಪದ್ಧತಿ ಬಾಯಿಯ ಕ್ರಮವನ್ನು ಹಿಡಿಯುತ್ತದೆ: ಕ, ರ್, ನಾ, ಟ, ಕ. ಹಳೆಯ ಕಡತವನ್ನು ಹೊಸದಕ್ಕೆ ಬದಲಾಯಿಸುವಾಗ ಅರ್ಕಾವತ್ತನ್ನು ಎತ್ತಿ ಒಂದು ಅಕ್ಷರ ಹಿಂದಕ್ಕೆ ಇಡಬೇಕು. ಇಡದಿದ್ದರೆ ಅದು ನಾ ಆದಮೇಲೆಯೇ ಉಳಿದು, ಎದುರಿಗೆ ಬಂದ ಟ ಅಕ್ಷರವನ್ನು ಏರಿಬಿಡುತ್ತದೆ. ಮಾರ್ಗ ಮಾಗರ್ ಆಗುತ್ತದೆ, ವರ್ಷ ವಷರ್ ಆಗುತ್ತದೆ, ಕಾರ್ಯಕ್ರಮ ಕಾಯರ್ಕ್ರಮ ಆಗುತ್ತದೆ. ಅಂತರ್ಜಾಲದಲ್ಲಿ ಕನ್ನಡ ಓದುವವರು ಇವನ್ನೆಲ್ಲ ಕಂಡಿರುತ್ತೀರಿ. ಕಂಡಿರುತ್ತೀರಿ ಎನ್ನುವುದಕ್ಕಿಂತ, ಕಾಣದೆ ದಾಟಿರುತ್ತೀರಿ. ಆದರೆ ಕಂಪ್ಯೂಟರಿನಲ್ಲಿ 'ಕರ್ನಾಟಕ' ಎಂದು ಹುಡುಕಿದರೆ ಹದಿನೇಳನೆಯ ಪುಟ ಸಿಗುವುದಿಲ್ಲ. ಅದಕ್ಕೆ ಆ ಎರಡೂ ಬೇರೆ ಬೇರೆ ಪದಗಳು.

ನಾನು ಕರಡು ತಿದ್ದುವ ಕೆಲಸಕ್ಕೆ ಬಂದದ್ದು 1987ರಲ್ಲಿ, ಇಲ್ಲೇ ಧಾರವಾಡದಲ್ಲಿ. ಆಗ ಇನ್ನೂ ಸೀಸದ ಮೊಳೆಗಳ, ಅಂದರೆ ಒಂದೊಂದು ಅಕ್ಷರದ ಬಿಡಿ ಅಚ್ಚುಗಳ ಕಾಲ. ಪದವಿ ಮುಗಿಸಿದ್ದೆ, ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಧೈರ್ಯವಿತ್ತು. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರು ಇದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಜೋಡಿಸುವವರು ಮೊಳೆಗಳನ್ನು ಸಾಲಾಗಿ ಇಡುವ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ಸಾಲನ್ನು ತಲೆಕೆಳಗಾಗಿ ಎಡದಿಂದ ಬಲಕ್ಕೆ ಓದುತ್ತಿದ್ದರು. ನಲವತ್ತು ವರ್ಷ ಹಾಗೆ ಓದಿದವರು ಕಾಕಾ.

ಒಂದು ಮದುವೆಯ ಆಮಂತ್ರಣ ಪತ್ರಿಕೆ ಬಂದಿತ್ತು. ಜೋಡಿಸಿದ್ದು ಹೊಸದಾಗಿ ಸೇರಿದ ಒಬ್ಬ ಹುಡುಗ. ಕರಡಚ್ಚನ್ನು ನಾನು ನೋಡಿದೆ. ದಿನಾಂಕ, ಮುಹೂರ್ತ, ವಧೂವರರ ಹೆಸರು, ಅಜ್ಜ ಅಜ್ಜಿಯರ ಹೆಸರು, ಕಲ್ಯಾಣ ಮಂಟಪದ ವಿಳಾಸ ಎಲ್ಲವನ್ನೂ ಮೂಲದ ಜೊತೆ ಹೋಲಿಸಿ ಒಪ್ಪಿಗೆ ಹಾಕಿದೆ. ಮದುವೆ ಮನೆಯವರೂ ನೋಡಿ ಸರಿ ಎಂದರು. ಟ್ರೆಡಲ್ ಯಂತ್ರಕ್ಕೆ ಏರಿಸುವ ಮುಂಚೆ ಕಾಕಾ ಮೊಳೆಗಳನ್ನು ಜೋಡಿಸಿ ಬಿಗಿದ ಫಾರಮ್ಮಿನ ಮೇಲೆ ಒಮ್ಮೆ ಕಣ್ಣಾಡಿಸಿ ನನ್ನನ್ನು ಕರೆದರು. ಪತ್ರಿಕೆಯ ತಲೆಯ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, 'ವಿವಾಹ ಮಹೋತ್ವಸ' ಎಂದಿತ್ತು. ತಕಾರದ ಕೆಳಗೆ ಸಕಾರದ ಒತ್ತು ಇರಬೇಕಿತ್ತು, ಅಲ್ಲಿ ವಕಾರದ ಒತ್ತು ಇತ್ತು. ವ ಇರಬೇಕಾದಲ್ಲಿ ಸ ಕುಳಿತಿತ್ತು.

"ತಂಗಿ, ನೀನು ಓದುತ್ತಿದ್ದೀಯ," ಎಂದರು ಕಾಕಾ. "ಓದಬೇಡ, ನೋಡು."

ಆ ಮಾತಿನಲ್ಲಿ ಬೈಗುಳವಿರಲಿಲ್ಲ. ಕೆಲಸ ಕಲಿಸುವ ಮಾತು ಅದು. ಅವರಿಗೆ ಪದ ಕಾಣುತ್ತಿರಲಿಲ್ಲ, ಮೊಳೆ ಕಾಣುತ್ತಿತ್ತು. ತಲೆಕೆಳಗಾದ, ತಿರುಗಿದ ಸಾಲಿನಲ್ಲಿ ಪದ ತಾನಾಗಿ ಮುಂದೆ ಓಡಿಬಂದು ಕಣ್ಣು ಮುಚ್ಚುವುದಿಲ್ಲ. ನನಗೋ ಮಹೋತ್ಸವ ಎಂಬುದು ಒಂದೇ ಚಿತ್ರ. ಮದುವೆಯ ಪತ್ರಿಕೆ ಎಂದು ಗೊತ್ತು, ವಿವಾಹ ಎಂದು ಓದಿಯಾಗಿದೆ, ಮುಂದೆ ಬರುವುದು ಏನೆಂದು ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿದೆ. ಕಣ್ಣು ಹೋಗಿ ಹೌದು ಎಂದು ತಲೆಯಾಡಿಸಿ ಬಂದಿದೆ. ತಲೆಬರಹಗಳಲ್ಲಿ ಮುದ್ರಾರಾಕ್ಷಸ ಅಡಗಿ ಕೂರುವುದು ಇದೇ ಕಾರಣಕ್ಕೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಅಡಿಟಿಪ್ಪಣಿಯ ಸಣ್ಣ ಅಕ್ಷರವನ್ನು ಕಷ್ಟಪಟ್ಟು ನೋಡುತ್ತೇವೆ. ಹಲಗೆಯಷ್ಟು ದೊಡ್ಡ ಅಕ್ಷರವನ್ನು ಓದಿ ಮುಗಿಸುತ್ತೇವೆ.

ನೋಡುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಬರುವುದು. ಸಾಲಿನ ಕೆಳಗೆ ಪಟ್ಟಿ ಇಟ್ಟು ಮುಂದಿನ ಸಾಲು ಕಾಣದಂತೆ ಮಾಡುವುದು. ಇನ್ನೊಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಿರುವಾಗ, ದೀರ್ಘ, ಒತ್ತು, ಅಲ್ಪವಿರಾಮ ಎಲ್ಲವನ್ನೂ ಅವರು ಹೇಳುತ್ತಿರುವಾಗ, ಕರಡಿನ ಮೇಲೆ ಪೆನ್ನಿನ ಮೊನೆ ಇಟ್ಟು ನಡೆಯುವುದು. ಇವೆಲ್ಲ ಓದನ್ನು ತಡೆಯುವ ಉಪಾಯಗಳು.

ಕಾಕಾ ಹೇಳಿದ್ದಕ್ಕೆ ಹಳೆಯ ಸಾಕ್ಷಿಯೊಂದು ಇದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಮನೋವಿಜ್ಞಾನಿ ಪಿಲ್ಸ್‌ಬರಿ 1897ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬೇಕೆಂದೇ ಕೆಡಿಸಿದ ಪದಗಳನ್ನು ಅವರು ಜನರಿಗೆ ಕ್ಷಣಮಾತ್ರ ತೋರಿಸಿದರು. ಒಂದರಲ್ಲಿ ಅಕ್ಷರ ಬಿಟ್ಟುಹೋಗಿದೆ, ಒಂದರಲ್ಲಿ ಬೇರೆ ಅಕ್ಷರ ಸೇರಿದೆ, ಒಂದರಲ್ಲಿ ಅಕ್ಷರ ಮಸುಕಾಗಿದೆ. ನೋಡಿದವರು ಎಷ್ಟೋ ಸಲ ಪೂರ್ಣ ಪದವನ್ನೇ ಹೇಳಿದರು. ಅಷ್ಟೇ ಅಲ್ಲ, ಇಲ್ಲದ ಅಕ್ಷರವನ್ನು ತಾವು ಸ್ಪಷ್ಟವಾಗಿ ಕಂಡೆವು ಎಂದವರೂ ಇದ್ದರು. ಇದನ್ನು ಮೊದಲು ಓದಿದ ದಿನ ನನಗೆ ಆ ಮದುವೆಯ ಪತ್ರಿಕೆಯೇ ಕಣ್ಣೆದುರು ಬಂತು. ನಾನು ಅಂದು ಸಕಾರದ ಒತ್ತನ್ನು ಕಂಡಿದ್ದೆ. ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡುತ್ತಿದ್ದೆ.

ಹೋದ ತಿಂಗಳು ತಮ್ಮನ ಮಗಳು ಮನೆಗೆ ಬಂದಿದ್ದಳು. ಬಿ.ಎಸ್ಸಿ. ಓದುತ್ತಿದ್ದಾಳೆ. ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಂದೇಶ ತೋರಿಸಿ, "ಅತ್ತೆ, ಇದನ್ನು ಓದಿ. ಪದದ ಮೊದಲ ಅಕ್ಷರ, ಕೊನೆಯ ಅಕ್ಷರ ಸರಿ ಇದ್ದರೆ ಸಾಕಂತೆ. ನಡುವಿನವು ಹೇಗಿದ್ದರೂ ನಡೆಯುತ್ತದೆಯಂತೆ. ಕೇಂಬ್ರಿಜ್‌ನವರು ಕಂಡುಹಿಡಿದಿದ್ದಾರೆ," ಎಂದಳು. ಸಂದೇಶದ ಪದಗಳೆಲ್ಲ ಕಲಸಿಹೋಗಿದ್ದವು. ಕೇಂಬ್ರಿಜ್ ಎಂಬ ಹೆಸರಿನಲ್ಲೇ ಎ ಮತ್ತು ಎಂ ಅದಲುಬದಲಾಗಿದ್ದವು, ಡಿ ಮತ್ತು ಜಿ ಅದಲುಬದಲಾಗಿದ್ದವು. ಆದರೂ ನಾನು ಸರಾಗವಾಗಿ ಓದಿದೆ.

ಈ ಸಂದೇಶ 2003ರ ಸೆಪ್ಟೆಂಬರಿನಿಂದ ಲೋಕವೆಲ್ಲ ಸುತ್ತುತ್ತಿದೆ. ಕೇಂಬ್ರಿಜ್‌ನಲ್ಲಿ ಭಾಷೆ ಮತ್ತು ಮಿದುಳಿನ ಬಗ್ಗೆ ಕೆಲಸ ಮಾಡುವ ಮ್ಯಾಟ್ ಡೇವಿಸ್ ಅವರು ಅದನ್ನು ಕಂಡು, ನಮ್ಮ ಊರಿನಲ್ಲಿ ಇಂಥ ಸಂಶೋಧನೆ ಯಾರು ಮಾಡಿದ್ದಾರೆ ಎಂದು ಹುಡುಕಿದರು. ಯಾರೂ ಮಾಡಿರಲಿಲ್ಲ. ಬೇರು ಸಿಕ್ಕಿದ್ದು ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ, ಗ್ರಹಾಂ ರಾಲಿನ್ಸನ್ ಅವರು 1976ರಲ್ಲಿ ಬರೆದ ಪಿಎಚ್.ಡಿ. ಪ್ರಬಂಧದಲ್ಲಿ. ಪದದೊಳಗೆ ಅಕ್ಷರದ ಸ್ಥಾನಕ್ಕೆ ಎಷ್ಟು ಬೆಲೆ ಎಂಬುದೇ ಅವರ ವಿಷಯವಾಗಿತ್ತು. ಅದರ ಬಗ್ಗೆ 1999ರಲ್ಲಿ ಅವರು ನ್ಯೂ ಸೈಂಟಿಸ್ಟ್ ಪತ್ರಿಕೆಗೆ ಒಂದು ಓಲೆಯನ್ನೂ ಬರೆದಿದ್ದರು.

ಆ ಇಂಗ್ಲಿಷ್ ಸಂದೇಶ ಸುಲಭವಾಗಿ ಓದಿಸಿಕೊಳ್ಳುವುದಕ್ಕೆ ಡೇವಿಸ್ ಕೊಟ್ಟ ಕಾರಣಗಳು ತೀರ ಸರಳ. ಎರಡು ಮೂರು ಅಕ್ಷರದ ಸಣ್ಣ ಪದಗಳು ಕೆಡುವುದೇ ಇಲ್ಲ, ವಾಕ್ಯದ ಎಲುಬು ಅವೇ. ಅದಲುಬದಲಾದ ಅಕ್ಷರಗಳು ಹೆಚ್ಚಾಗಿ ಅಕ್ಕಪಕ್ಕದವು. ಮುಂದೆ ಯಾವ ಪದ ಬರುತ್ತದೆ ಎಂದು ಮೊದಲೇ ಊಹಿಸಬಹುದು. ಅಂದರೆ ಆ ಸಂದೇಶವನ್ನು ಓದಲು ಬರುವಂತೆಯೇ ಕಲಸಲಾಗಿದೆ. ಅಳತೆ ಮಾಡಿ ನೋಡಿದವರೂ ಇದ್ದಾರೆ. ಕೀತ್ ರೇನರ್ ಮತ್ತು ಸಂಗಡಿಗರು 2006ರಲ್ಲಿ ಓದುವವರ ಕಣ್ಣಿನ ಚಲನೆಯನ್ನು ಹಿಂಬಾಲಿಸಿದರು. ಪದದ ನಡುವಿನ ಅಕ್ಷರಗಳು ಅದಲುಬದಲಾದಾಗ ಓದಿನ ವೇಗ ಶೇಕಡಾ 11ರಷ್ಟು ತಗ್ಗಿತು. ಕೊನೆಯಲ್ಲಿ ಆದಾಗ ಶೇಕಡಾ 26, ಮೊದಲಲ್ಲಿ ಆದಾಗ ಶೇಕಡಾ 36.

ಓದಲು ಬರುವುದು ಬೇರೆ, ದಣಿವಿಲ್ಲದೆ ಓದಲು ಬರುವುದು ಬೇರೆ. ಬರೆದವನು ಉಳಿಸಿದ ಶ್ರಮವನ್ನು ಓದುವವನು ತೆರಬೇಕಾಗುತ್ತದೆ.

"ಹಾಗಾದರೆ ಕನ್ನಡದಲ್ಲಿ?" ಎಂದು ಕೇಳಿದಳು ಹುಡುಗಿ. ಇಬ್ಬರೂ ಕೂತು ಒಂದು ವಾಕ್ಯ ಮಾಡಿದೆವು. ಮೊದಲ ಅಕ್ಷರ, ಕೊನೆಯ ಅಕ್ಷರ ಹಾಗೆಯೇ ಇಟ್ಟು ನಡುವಿನವನ್ನು ಕದಲಿಸಿದೆವು: "ಬೇಗೆಸಿಯಲ್ಲಿ ಮಾನವಿಹಣ್ಣು ಮಾಕರುಟ್ಟೆಗೆ ಬತ್ತರುದೆ."

ನೀವು ಓದಿಕೊಂಡಿರುತ್ತೀರಿ: ಬೇಸಿಗೆಯಲ್ಲಿ ಮಾವಿನಹಣ್ಣು ಮಾರುಕಟ್ಟೆಗೆ ಬರುತ್ತದೆ. ಆದರೆ ಇಂಗ್ಲಿಷಿನಷ್ಟು ಸರಾಗವಾಗಿ ಅಲ್ಲ ಎಂದು ನನ್ನ ಅನುಭವ. ಇಂಗ್ಲಿಷಿನಲ್ಲಿ ಕದಲುವುದು ಒಂದು ಅಕ್ಷರ. ನಮ್ಮಲ್ಲಿ ವ್ಯಂಜನ, ಸ್ವರ, ಒತ್ತು ಎಲ್ಲವನ್ನೂ ಹೊತ್ತುಕೊಂಡು ಇಡೀ ಉಲಿಯೇ ಕದಲುತ್ತದೆ. ಕದಲಿದ ಕಡೆ ಬೇರೆ ಪದಗಳು ತಲೆ ಎತ್ತುತ್ತವೆ. 'ಬೇಗೆ' ಎಂದು ಕಂಡ ತಕ್ಷಣ ಮನಸ್ಸು ಸೆಕೆಯ ಕಡೆಗೆ ಹೋಗುತ್ತದೆ. 'ಬತ್ತ' ಎಂದು ಕಂಡರೆ ಗದ್ದೆಯ ಕಡೆಗೆ. 'ಮಾನವಿ' ಎಂದರೆ ರಾಯಚೂರು ಜಿಲ್ಲೆಯ ಊರು. ಹೀಗೆ ಮೂರು ಕಡೆ ಹೋಗಿ ತಿರುಗಿ ಬಂದು ಮಾವಿನಹಣ್ಣನ್ನು ಹಿಡಿಯಬೇಕು. ಕಮಲ ಮತ್ತು ಕಲಮ, ಕ್ರಮ ಮತ್ತು ಕರ್ಮ ಇವುಗಳಲ್ಲಿ ಇರುವ ಅಕ್ಷರಗಳು ಅವೇ, ಜಾಗ ಮಾತ್ರ ಬೇರೆ. ವಾಲ್ಮೀಕಿಯ ಬಾಯಲ್ಲಿ ಮರಾ ಮರಾ ಎಂಬುದು ರಾಮ ರಾಮ ಆದ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಅಕ್ಷರ ಜಾಗ ಬದಲಿಸಿದರೆ ಇನ್ನೊಂದೇ ಲೋಕ ತೆರೆಯುತ್ತದೆ ಎಂಬುದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು.

ಭಾಷೆಯಿಂದ ಭಾಷೆಗೆ ಇದು ಬೇರೆಯಾಗುತ್ತದೆ ಎಂಬುದನ್ನು ಹೀಬ್ರೂ ಬಲ್ಲವರು ತೋರಿಸಿದ್ದಾರೆ. ಹದಸ್ ವೇಲನ್ ಮತ್ತು ರಾಮ್ ಫ್ರಾಸ್ಟ್ ಎಂಬ ಸಂಶೋಧಕರು 2007ರಲ್ಲಿ, ಹೀಬ್ರೂ ಮತ್ತು ಇಂಗ್ಲಿಷ್ ಎರಡನ್ನೂ ಸಮನಾಗಿ ಬಲ್ಲವರಿಗೆ ಎರಡೂ ಭಾಷೆಯ ಕಲಸಿದ ವಾಕ್ಯಗಳನ್ನು ಓದಿಸಿದರು. ಇಂಗ್ಲಿಷಿನಲ್ಲಿ ಹೆಚ್ಚು ತೊಡಕಾಗಲಿಲ್ಲ. ಹೀಬ್ರೂವಿನಲ್ಲಿ ಅದೇ ಜನ ತಡವರಿಸಿದರು. ಹೀಬ್ರೂ ಪದಗಳ ಬೇರು ಹೆಚ್ಚಾಗಿ ಮೂರು ವ್ಯಂಜನಗಳದು. ಅವುಗಳ ಕ್ರಮ ಬದಲಾದರೆ ಆ ಬೇರು ತಾನೇ ಬದಲಾಗಿ ಇನ್ನೊಂದು ಪದದ ಮನೆಗೆ ಹೋಗುತ್ತದೆ.

ನಾವು ಕೂತು ಆಡುತ್ತಿದ್ದಾಗ ಹುಡುಗಿಯ ತಮ್ಮ, ಮೂರನೆಯ ತರಗತಿಯವನು, ಮೊಬೈಲಿಗೆ ಕತ್ತು ಚಾಚಿ ಓದಿದ. "ಬೇ, ಗೆ, ಸಿ, ಯ, ಲ್ಲಿ." ಒಂದಕ್ಷರ ತಪ್ಪಲಿಲ್ಲ. ಓದಿ ಮುಗಿಸಿ, "ಬೇಗೆಸಿ ಎಂದರೆ ಏನು ಅತ್ತೆ?" ಎಂದು ಕೇಳಿದ. ಅವನಿಗೆ ಇನ್ನೂ ಅಕ್ಷರಗಳು ಕಾಣುತ್ತವೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಇನ್ನೊಂದು ಮುಖವಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು ಮಗುವಿಗೆ ಬೇಗ ಕೈಗೆ ಬರುತ್ತವೆ. ಕನ್ನಡದ ಮಗು ಗುಣಿತ, ಒತ್ತಕ್ಷರಗಳನ್ನೆಲ್ಲ ಒಲಿಸಿಕೊಳ್ಳುವುದು ಮೂರು ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಅಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಅಕ್ಷರಗಳನ್ನು ಕಣ್ಣು ಆಮೇಲೆ ನೋಡದೆಯೇ ನಂಬತೊಡಗುತ್ತದೆ.

ನಡುವಿನ ಅಕ್ಷರ ಹೇಗಿದ್ದರೂ ನಡೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ನನ್ನ ಬಳಿ ಒಂದು ಗುಡಿಸಿನ ಕಥೆ ಇದೆ. ಒಂದು ಸಹಕಾರಿ ಸಂಘದ ವಾರ್ಷಿಕ ವರದಿಯ ಕರಡು ನನ್ನ ಕೈಗೆ ಬಂದಿತ್ತು. ಅದರ ಕೋಷ್ಟಕದ ತಲೆಯ ಮೇಲೆ 'ಪಾವತಿಸಿದ ಸಾಲ' ಎಂದಿತ್ತು. ಇರಬೇಕಾದದ್ದು 'ಪಾವತಿಸದ ಸಾಲ'. ಮೊದಲ ಅಕ್ಷರ ಸರಿ, ಕೊನೆಯ ಅಕ್ಷರ ಸರಿ. ನಡುವೆ ಸಕಾರಕ್ಕೆ ಒಂದು ಗುಡಿಸು ಹೆಚ್ಚಾಗಿ ಬಿದ್ದಿದೆ, ಅಷ್ಟೇ. ಅದರ ಕೆಳಗೆ ಊರಿನ ಮೂವತ್ತೊಂದು ಜನರ ಹೆಸರು. ಸಾಲ ತೀರಿಸದವರು ತೀರಿಸಿದವರಾದರು. ಇನ್ನೊಂದು ಪುಟದಲ್ಲಿ ಇದೇ ತಪ್ಪು ಉಲ್ಟಾ ಆಗಿದ್ದರೆ, ತೀರಿಸಿ ನಿಶ್ಚಿಂತರಾಗಿದ್ದ ಮನೆಯ ಹೆಸರು ಬಾಕಿ ಇದ್ದವರ ಪಟ್ಟಿಗೆ ಹೋಗುತ್ತಿತ್ತು. ಹೇಳಿದ ಮಾತು, ಹೇಳದ ಮಾತು. ಮಾಡಿದ ತಪ್ಪು, ಮಾಡದ ತಪ್ಪು. ಕನ್ನಡದಲ್ಲಿ ಹೌದು ಮತ್ತು ಅಲ್ಲ ಎಂಬುದು ಪದದ ಹೊಟ್ಟೆಯೊಳಗೆ, ಒಂದು ಗುಡಿಸಿನಲ್ಲಿ ಇರುತ್ತದೆ. ಅದನ್ನು ಯಾವ ಕಣ್ಣೂ ತಾನಾಗಿ ತುಂಬಿಕೊಡಲಾರದು, ಏಕೆಂದರೆ ಎರಡೂ ಸರಿಯಾದ ಪದಗಳೇ.

ಶಾಸನ ಓದುವವರನ್ನು ಕಂಡರೆ ನನಗೆ ಗೌರವ ಹುಟ್ಟುವುದು ಈ ವಿಷಯದಲ್ಲಿಯೇ. ಕಲ್ಲು ಒಡೆದ ಕಡೆ, ಅಕ್ಷರ ಸವೆದ ಕಡೆ ಅವರು ಚುಕ್ಕಿ ಹಾಕುತ್ತಾರೆ. ಊಹಿಸಿ ತುಂಬಿದರೆ ಕಂಸದೊಳಗೆ ಇಡುತ್ತಾರೆ. ಹಳೆಯ ಶಾಸನಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಹ್ರಸ್ವ ದೀರ್ಘದ ಗುರುತು ಬೇರೆ ಬೇರೆಯಾಗಿ ಇರುವುದಿಲ್ಲ. ಓದುವವರು ತಮ್ಮ ಭಾಷೆಯ ತಿಳಿವಿನಿಂದ ಎಳೆದೋ ಮೊಟಕಾಗಿಯೋ ಓದಿಕೊಳ್ಳುತ್ತಿದ್ದರು. ಇದು ನನ್ನ ಊಹೆ, ಇದು ಕಲ್ಲಿನಲ್ಲಿ ಇದ್ದದ್ದು ಎಂದು ಬೇರೆ ಮಾಡಿ ತೋರಿಸುವ ಆ ಕಂಸ ದೊಡ್ಡ ಪ್ರಾಮಾಣಿಕತೆ. ನಮ್ಮ ಕಣ್ಣು ಅದನ್ನು ಹಾಕುವುದಿಲ್ಲ.

ಇಷ್ಟೆಲ್ಲ ನಾನು ಈಗ ಬರೆಯಲು ಕಾರಣ ಮಾಸ್ತರರ ಪುಸ್ತಕವಲ್ಲ. ನನ್ನ ಅವ್ವನ ಕಾಗದಗಳು.

ಅವ್ವ ರೋಣ ತಾಲ್ಲೂಕಿನ ಒಂದು ಹಳ್ಳಿಯವಳು. ಶಾಲೆಗೆ ಹೋಗಿದ್ದು ಎರಡು ವರ್ಷ. ಅಕ್ಷರಮಾಲೆ ಆಯಿತು, ಕಾಗುಣಿತ ಆಯಿತು. ಒತ್ತಕ್ಷರ ಶುರುವಾಗುವ ಮುಂಚೆ ತಮ್ಮಂದಿರನ್ನು ಆಡಿಸಲು ಮನೆಯಲ್ಲಿ ಉಳಿಸಿಕೊಂಡರು. ಆದ್ದರಿಂದ ಅವ್ವನ ಬರವಣಿಗೆಯಲ್ಲಿ ಒತ್ತು ಇಲ್ಲ. ನಾನು ಧಾರವಾಡದಲ್ಲಿ ಓದಲು ಹಾಸ್ಟೆಲಿನಲ್ಲಿ ಇದ್ದ ಐದು ವರ್ಷ ಅವಳು ಹದಿನೈದು ದಿನಕ್ಕೊಂದು ಕಾರ್ಡು ಬರೆಯುತ್ತಿದ್ದಳು. ಒಂದನ್ನು ಇದ್ದ ಹಾಗೆಯೇ ಇಲ್ಲಿ ಬರೆಯುತ್ತೇನೆ:

"ಮಗಳಿಗೆ ಅವ ಮಾಡುವ ಆಶೀವಾದ. ಇಲಿ ಎಲರೂ ಶೇಮ. ಮಳಿ ಚನಾಗಿ ಆಗಿದೆ. ಎಮಿ ಕರು ಹಾಕಿದೆ ಗಿಣ ಕಳಿಸಲು ಯಾರೂ ಸಿಗಲಿಲ. ಎಲಮನ ಗುಡಕೆ ಹೋಗಿ ಬಂದೆವು. ಬಹಳ ಓದಬೇಡ ಕಣು ನೋಯುತವೆ."

'ಇಲಿ ಎಲರೂ ಶೇಮ' ಎಂಬಲ್ಲಿ ನನಗೆ ಒಮ್ಮೆಯೂ ಇಲಿ ಕಂಡಿಲ್ಲ. 'ಅವ' ಎಂಬಲ್ಲಿ ಯಾವ ಗಂಡಸೂ ಕಂಡಿಲ್ಲ. ಎಲ್ಲಮ್ಮನ ಗುಡ್ಡ ಎಲ್ಲಮ್ಮನ ಗುಡ್ಡವಾಗಿಯೇ ಕಂಡಿದೆ. ಸವದತ್ತಿಯ ಹೆಸರು ಕೇಳದವರಿಗೆ ಅದು ಏನೆಂದೂ ತಿಳಿಯಲಾರದು. ಕಾರ್ಡು ಕೈಗೆ ಬಂದರೆ ಒತ್ತುಗಳು ತಾವಾಗಿ ಕೆಳಗೆ ಬಂದು ಕೂರುತ್ತಿದ್ದವು. ಅವ್ವನ ದನಿಯಲ್ಲಿ ಓದುತ್ತಿದ್ದೆ, ದನಿಯಲ್ಲಿ ಒತ್ತುಗಳೆಲ್ಲ ಇದ್ದವು.

ಅವ್ವ ತೀರಿಕೊಂಡು ಈ ಶ್ರಾವಣಕ್ಕೆ ಮೂರು ವರ್ಷ. ಅಣ್ಣ, ಅಕ್ಕ, ತಮ್ಮ, ನಾನು ಸೇರಿ ಅವಳ ಕಾಗದಗಳನ್ನು ಒಂದು ಸಣ್ಣ ಪುಸ್ತಕ ಮಾಡಿ ಮನೆಯವರಿಗೆಲ್ಲ ಒಂದೊಂದು ಪ್ರತಿ ಕೊಡಬೇಕೆಂದು ಮಾಡಿದ್ದೇವೆ. ಹೋದ ವಾರ ಅಕ್ಕ ಬಂದಿದ್ದಳು. ಕಾರ್ಡುಗಳನ್ನು ಹರಡಿಕೊಂಡು ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಕೇಳುತ್ತಿದ್ದಳು. ಪದವಿಯ ಎರಡನೆಯ ವರ್ಷದ ಒಂದು ಕಾರ್ಡಿನಲ್ಲಿ "ಬೆಳಿ ಮಾರಿ ನಿನ ಫೀ ಕಟಲು ಅಪನ ಕಡೆ ಕೊಟಿದೇನೆ" ಎಂದಿದೆ. ನಮ್ಮ ಕಡೆ ಮಾತಿನಲ್ಲಿ ಮಳೆ ಮಳಿ ಆಗುತ್ತದೆ, ಎಮ್ಮೆ ಎಮ್ಮಿ ಆಗುತ್ತದೆ, ಬೆಳೆ ಬೆಳಿ ಆಗುತ್ತದೆ. ನಾನು ಓದಿದೆ: ಬೆಳೆ ಮಾರಿ ನಿನ್ನ ಫೀ ಕಟ್ಟಲು ಅಪ್ಪನ ಕಡೆ ಕೊಟ್ಟಿದ್ದೇನೆ.

ಅಕ್ಕ ಕೈ ಹಿಡಿದು ನಿಲ್ಲಿಸಿದಳು. "ಬೆಳೆ ಅಲ್ಲ. ಬೆಳ್ಳಿ."

ನಾನು ಅವಳ ಮುಖ ನೋಡಿದೆ.

"ಆ ವರ್ಷ ಬೆಳೆ ಎಲ್ಲಿತ್ತು? ಅವ್ವ ತನ್ನ ಡಾಬು ಮಾರಿದಳು. ತವರಿನಲ್ಲಿ ಕೊಟ್ಟಿದ್ದ ಬೆಳ್ಳಿಯ ಡಾಬು. ನಿನಗೆ ಗೊತ್ತಿದೆ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ."

ಅದೇ ಕಾರ್ಡಿನ ಮೇಲಿನ ಸಾಲಿನಲ್ಲಿ 'ಮಳಿ ಇಲ' ಎಂದು ಇದೆ. ಮಳೆ ಇಲ್ಲ ಎಂಬುದನ್ನೂ ಓದಿದ್ದೆ, ಬೆಳೆ ಮಾರಿದರು ಎಂಬುದನ್ನೂ ಓದಿದ್ದೆ. ಎರಡು ಸಾಲಿನ ನಡುವೆ ಒಂದು ಬೆರಳಿನ ಅಂತರ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಸ್ಟೆಲಿನ ಮಂಚದ ಮೇಲೆ ಕೂತು ಓದಿದೆ. ಆಮೇಲೆ ಎಷ್ಟೋ ಸಲ ತೆಗೆದು ಓದಿದ್ದೇನೆ. ಮೂವತ್ತು ವರ್ಷಕ್ಕೂ ಮೀರಿ ಬೇರೆಯವರ ಪುಸ್ತಕಗಳಲ್ಲಿ ಬಿಟ್ಟುಹೋದ ಒತ್ತು ಹುಡುಕಿ ಹಾಕಿದ್ದೇನೆ. ಈ ಒಂದು ಲಕಾರದ, ಅಲ್ಲ, ಳಕಾರದ ಒತ್ತು ನನಗೆ ಕಾಣಲಿಲ್ಲ. ರೈತರ ಮನೆ, ಫೀ ಕಟ್ಟಲು ಬೆಳೆ ಮಾರುತ್ತಾರೆ, ಮನಸ್ಸು ಮೊದಲೇ ತೀರ್ಮಾನಿಸಿತ್ತು. ಅವ್ವನ ಸೊಂಟದಲ್ಲಿ ಡಾಬು ಇಲ್ಲದ್ದನ್ನು ನಾನು ಆ ದೀಪಾವಳಿಗೆ ಊರಿಗೆ ಹೋದಾಗ ನೋಡಿರಲೇಬೇಕು. ಅದನ್ನೂ ನೋಡಿಲ್ಲ.

ಅಕ್ಕ ಆ ರಾತ್ರಿ ಬಹಳ ಹೊತ್ತು ಮಾತಾಡಿದಳು. ಡಾಬಿನ ಕೊಂಡಿಯ ಮೇಲೆ ಎರಡು ನವಿಲು ಇದ್ದವಂತೆ. ಗಜೇಂದ್ರಗಡದ ಪೇಟೆಯಲ್ಲಿ ತೂಗಿ ಕೊಟ್ಟು ಬಂದ ದಿನ ಅವ್ವ ಎಂದಿನಂತೆ ರೊಟ್ಟಿ ಬಡಿದಳಂತೆ.

ನಿನ್ನೆ ಅವ್ವನ ಪುಸ್ತಕದ ಮೊದಲ ಕರಡು ಬಂತು. ಟೈಪು ಮಾಡಿದ ಹುಡುಗ ಒಳ್ಳೆಯವನು, ಕೆಲಸದಲ್ಲಿ ಶ್ರದ್ಧೆ ಇದೆ. ಒತ್ತುಗಳೆಲ್ಲ ಬಿಟ್ಟುಹೋಗಿವೆ ಎಂದುಕೊಂಡು ಎಲ್ಲವನ್ನೂ ತಾನೇ ಹಾಕಿಬಿಟ್ಟಿದ್ದಾನೆ. ಇಲ್ಲಿ ಎಲ್ಲರೂ ಕ್ಷೇಮ. ಆಶೀರ್ವಾದ. ಎಲ್ಲಮ್ಮನ ಗುಡ್ಡಕ್ಕೆ. ಒಂದೂ ತಪ್ಪಿಲ್ಲ. ಇಪ್ಪತ್ತಾರನೆಯ ಪುಟದಲ್ಲಿ 'ಬೆಳೆ ಮಾರಿ' ಎಂದೂ ತಿದ್ದಿದ್ದಾನೆ, ನಾನು ಓದಿದ ಹಾಗೆಯೇ.

ಬೆಳಗಿನಿಂದ ಅಡಿಪಟ್ಟಿ ಇಟ್ಟುಕೊಂಡು ಕೂತಿದ್ದೇನೆ. ಪಕ್ಕದಲ್ಲಿ ಮೂಲ ಕಾರ್ಡುಗಳ ಕಟ್ಟು. ಒಂದೊಂದೇ ಒತ್ತನ್ನು ಕೆಂಪು ಶಾಯಿಯಲ್ಲಿ ಹೊಡೆದು ತೆಗೆಯುತ್ತಿದ್ದೇನೆ. ಇಪ್ಪತ್ತಾರನೆಯ ಪುಟದಲ್ಲಿ ಏತ್ವ ಹೊಡೆದು ಗುಡಿಸು ಹಾಕಿದೆ. ಬೆಳಿ. ಳಕಾರದ ಕೆಳಗೆ ಒತ್ತು ಹಾಕಬೇಕೆಂದು ಪೆನ್ನು ಇಟ್ಟು, ಹಾಗೆಯೇ ಎತ್ತಿದೆ. ಪದದ ಅಡಿಯಲ್ಲಿ ಸಾಲಾಗಿ ಚುಕ್ಕಿಗಳನ್ನು ಇಟ್ಟು, ಅಂಚಿನಲ್ಲಿ 'ಇದ್ದಂತೆಯೇ ಇರಲಿ' ಎಂದು ಬರೆದೆ.